ಕ್ಯಾಶನ್ನು ಬರಿದುಮಾಡುವವರಿಗೆ ಒಂದು ಬಹಿರಂಗ ಪತ್ರ

ಸ್ಟೇಷನ್ ರಸ್ತೆ,
ವಿಜಯಪುರ

ವಿಜಯಪುರ ನಗರದಲ್ಲಿದ್ದುಕೊಂಡೂ, ತಿಕೋಟಾ ಬಬಲೇಶ್ವರಗಳ ಕಡೆಯಿಂದ ದಿನವೂ ಬಸ್ಸೇರಿ ಬಂದೂ ಇಂಜಿನಿಯರಿಂಗ್, ಪಾಲಿಟೆಕ್ನಿಕ್ ವಿದ್ಯೆಗಳನ್ನು ಅಭ್ಯಸಿಸುತ್ತಿರುವ ವಿದ್ಯಾರ್ಥಿ ಮಿತ್ರರಿಗೂ, ಅವರ ಪ್ರಯೋಗಶಾಲೆಗಳ ಮಾನ್ಯ ಉಪಾಧ್ಯಾಯರಿಗೂ ಸಪ್ರೇಮ ವಂದನೆಗಳು.

ಅಂತಿಮ ವರ್ಷದ ಪ್ರಾಜೆಕ್ಟಿನ ನಿಮಿತ್ತವಾಗಿ ನಿಮ್ಮಲ್ಲಿ ಕೆಲವರು 8086 ಪ್ರೊಸೆಸರಿನ ಎಮ್ಯುಲೇಟರನ್ನು ತಾವೇ ಬರೆಯತೊಡಗಿರುವುದೂ, ಅವರಲ್ಲಿಯೂ ಮತ್ತೆ ಕೆಲವರು ಒಂದೊಂದೇ ಆದೇಶವನ್ನು ಓದಿ ನಡೆಸುವ ಸುಲಭಮಾರ್ಗದಿಂದ ತೃಪ್ತರಾಗದೆ, ಆದೇಶಗಳ ಸಮೂಹವನ್ನೇ ಇಂದಿನ ಯಂತ್ರದ ಭಾಷೆಗೆ ಅನುವಾದಿಸಿ ಕ್ಯಾಶಿನಲ್ಲಿ ಕಾಪಿಟ್ಟುಕೊಳ್ಳುವ ದುರ್ಗಮಮಾರ್ಗವನ್ನು ಹಿಡಿದಿರುವುದೂ, ಬೈಂಡಿಂಗಿಗೆ ಹೋಗುವ ಮುನ್ನ ಅಭಿಪ್ರಾಯಕ್ಕೆಂದು ನನ್ನ ಕೈಗೆ ಬರುವ ವರದಿಗಳಿಂದ ತಿಳಿದು ನನಗೆ ಪರಮಸಂತೋಷವಾಗಿದೆ. ಹಾಜರಾತಿ ದಾಖಲಿಸುವ ತಂತ್ರಾಂಶವನ್ನೇ ವರ್ಷವರ್ಷವೂ ಹೆಸರು ಬದಲಿಸಿ ಒಪ್ಪಿಸುವುದಕ್ಕಿಂತ ಇದು ಸಾವಿರ ಪಾಲು ಮೇಲಾದ ಸಾಹಸ. ಆದರೆ ಈ ವರದಿಗಳ ಕೊನೆಯ ಅಧ್ಯಾಯಗಳಲ್ಲಿ ಮತ್ತೆ ಮತ್ತೆ ಕಣ್ಣಿಗೆ ಬೀಳುವ ಒಂದು ಮಾತಿದೆ: ಅನುವಾದಿತ ಕೋಡು ಒಮ್ಮೊಮ್ಮೆ ತಪ್ಪು ಉತ್ತರವನ್ನು ಕೊಡುತ್ತಿದ್ದುದರಿಂದ, ಪ್ರೋಗ್ರಾಮು ಮೆಮರಿಗೆ ಬರೆದಾಗಲೆಲ್ಲ ಕ್ಯಾಶನ್ನು ಪೂರ್ತಿಯಾಗಿ ಬರಿದುಮಾಡಲಾಯಿತೆಂದೂ ಅಲ್ಲಿಗೆ ಸಮಸ್ಯೆ ಪರಿಹಾರವಾಯಿತೆಂದೂ ಅದರ ತಾತ್ಪರ್ಯ. ಸಮಸ್ಯೆ ಪರಿಹಾರವಾಗಲಿಲ್ಲ, ಕಣ್ಮರೆಯಾಯಿತು ಅಷ್ಟೆ, ಎಂಬುದನ್ನು ನಿವೇದಿಸುವುದೇ ಈ ಪತ್ರದ ಉದ್ದೇಶ. ಇದನ್ನು ಒಬ್ಬಿಬ್ಬರ ಕಿವಿಯಲ್ಲಿ ಹೇಳದೆ ಬಹಿರಂಗವಾಗಿ ಬರೆಯುತ್ತಿರುವುದು ಯಾರನ್ನೂ ನೋಯಿಸುವುದಕ್ಕಲ್ಲ. ಮಾತು ಎಲ್ಲರಿಗೂ ಸಲ್ಲುವಂಥದು.

ವಿಷಯವನ್ನು ಮೊದಲಿನಿಂದ ಹೇಳುವುದು ಒಳ್ಳೆಯದು. ಅನುಕರಿಸಬೇಕಾದ ಅತಿಥಿ ಯಂತ್ರದ ಆದೇಶಗಳನ್ನು, ಎಮ್ಯುಲೇಟರು ನಡೆಯುವ ಆತಿಥೇಯ ಯಂತ್ರವು ಪ್ರತಿಸಲವೂ ಬಿಡಿಬಿಡಿಯಾಗಿ ಓದಿ, ಅರ್ಥಮಾಡಿಕೊಂಡು, ನಡೆಸುತ್ತ ಹೋದರೆ ಕಾಲವೆಲ್ಲ ಆ ಅರ್ಥಮಾಡಿಕೊಳ್ಳುವುದರಲ್ಲಿಯೇ ವ್ಯಯವಾಗುತ್ತದೆ. ಸಾವಿರ ಬಾರಿ ಸುತ್ತುವ ಲೂಪಿನಲ್ಲಿ ಅದೇ ಆದೇಶವನ್ನು ಸಾವಿರ ಬಾರಿ ಅರ್ಥಮಾಡಿಕೊಳ್ಳಬೇಕಾಗುತ್ತದೆ. ಆದಕಾರಣ ಒಂದು ಜಂಪ್ ಆದೇಶ ಬರುವವರೆಗಿನ ಭಾಗವನ್ನು ಒಂದು ಬ್ಲಾಕೆಂದು ಹಿಡಿದು, ಅದನ್ನು ಒಮ್ಮೆ ಅನುವಾದಿಸಿ ಕಾಪಿಟ್ಟು, ಮುಂದೆ ಆ ವಿಳಾಸಕ್ಕೆ ಬಂದಾಗಲೆಲ್ಲ ಮೂಲವನ್ನು ನೋಡದೆ ಅನುವಾದವನ್ನೇ ನಡೆಸುವ ಪದ್ಧತಿ ಹುಟ್ಟಿತು. ಫ್ರಾನ್ಸಿನ ಫ್ಯಾಬ್ರಿಸ್ ಬೆಲ್ಲಾರ್ 2003ರ ಸುಮಾರಿಗೆ ರಚಿಸಿ, 2005ರಲ್ಲಿ ಯೂಸೆನಿಕ್ಸ್ ಸಮ್ಮೇಳನದ ಪ್ರಬಂಧವೊಂದರಲ್ಲಿ ವಿವರಿಸಿದ ಕ್ಯೂಎಮು ಎಂಬ ಎಮ್ಯುಲೇಟರಿನಲ್ಲಿ ಈ ಪದ್ಧತಿಯನ್ನು ಅತ್ಯಂತ ಸ್ಪಷ್ಟವಾಗಿ ಕಾಣಬಹುದು. ಆ ಪ್ರಬಂಧದ ಪ್ರಕಾರ ಅಂದಿನ ಕ್ಯಾಶು 16 ಎಂ.ಬಿ.ಯಷ್ಟಿದ್ದು, ತುಂಬಿದಾಗ ಸರಳತೆಗಾಗಿ ಅದನ್ನು ಪೂರ್ತಿ ಬರಿದುಮಾಡಲಾಗುತ್ತಿತ್ತು. ಬೆಲ್ಲಾರ್ ಅವರೂ ಬರಿದುಮಾಡಲಿಲ್ಲವೇ ಎಂದು ನೀವು ಕೇಳಬಹುದು. ಮಾಡಿದರು, ಸ್ಥಳ ಸಾಲದಾದಾಗ ಮಾತ್ರ. ಅನುವಾದ ಸುಳ್ಳಾದಾಗ ಏನು ಮಾಡಬೇಕೆಂಬುದಕ್ಕೆ ಅವರು ಬೇರೆಯೇ ಒಂದು ವ್ಯವಸ್ಥೆಯನ್ನು ಕಲ್ಪಿಸಿದ್ದರು.

ಅನುವಾದ ಸುಳ್ಳಾಗುವುದೆಂದರೇನು? ಈ ಊರಿನವರಿಗೆ ಇದನ್ನು ತಿಳಿಯಹೇಳುವುದು ಕಷ್ಟವಲ್ಲ. 2014ರ ನವೆಂಬರ್ 1ರಂದು ಬಿಜಾಪುರವು ಸರಕಾರದ ದಾಖಲೆಯಲ್ಲಿ ವಿಜಯಪುರವಾಯಿತು. ಕೆಲವು ವರ್ಷಗಳಲ್ಲಿಯೇ ತಿಕೋಟಾ, ಬಬಲೇಶ್ವರಗಳು ವಿಜಯಪುರ ತಾಲ್ಲೂಕಿನಿಂದ ಬೇರ್ಪಟ್ಟು ತಾವೇ ತಾಲ್ಲೂಕುಗಳಾದವು. ಮೂಲ ದಾಖಲೆ ಬದಲಾಯಿತು. ಆದರೆ ಅದಕ್ಕೂ ಮುಂಚೆ ತೆಗೆಸಿ, ಶಾಲೆಗೊಂದು ಬ್ಯಾಂಕಿಗೊಂದು ವಿದ್ಯಾರ್ಥಿನಿಲಯಕ್ಕೊಂದರಂತೆ ಕೊಟ್ಟ ಝೆರಾಕ್ಸ್ ಪ್ರತಿಗಳು ತಮ್ಮಷ್ಟಕ್ಕೆ ತಾವು ಬದಲಾಗಲಿಲ್ಲ. ಯಾವ ಮೂಲದಿಂದ ಯಾವ ಪ್ರತಿಯನ್ನು ಯಾರಿಗೆ ಕೊಟ್ಟೆವೆಂಬ ಲೆಕ್ಕವನ್ನು ಬರೆದಿಟ್ಟುಕೊಂಡವನು ಆ ಆ ಪ್ರತಿಯನ್ನಷ್ಟೇ ಹಿಂತೆಗೆದು ಅಸಿಂಧುಗೊಳಿಸಬಲ್ಲನು. ಲೆಕ್ಕವಿಡದವನಿಗೆ ಮನೆಯ ಕಾಗದಗಳನ್ನೆಲ್ಲ ಸುಟ್ಟು ಹೊಸದಾಗಿ ಅರ್ಜಿ ಹಾಕುವುದೊಂದೇ ದಾರಿ. ಕ್ಯೂಎಮುವಿನ ವ್ಯವಸ್ಥೆ ಮೊದಲನೆಯವನದು: ಅತಿಥಿ ಯಂತ್ರದ ಮೆಮರಿಯ ಪ್ರತಿಯೊಂದು ಪುಟಕ್ಕೂ, ಆ ಪುಟದಿಂದ ಅನುವಾದಗೊಂಡ ಬ್ಲಾಕುಗಳ ಪಟ್ಟಿಯೊಂದನ್ನು ಅದು ಇಟ್ಟುಕೊಳ್ಳುತ್ತದೆ, ಒಂದು ಬ್ಲಾಕಿನ ಕೊನೆಯಿಂದ ಇನ್ನೊಂದರ ಮೊದಲಿಗೆ ನೇರವಾಗಿ ಹೊಲಿದ ಕೊಂಡಿಗಳನ್ನು ಬಿಚ್ಚುವುದಕ್ಕಾಗಿ ಮತ್ತೊಂದು ಪಟ್ಟಿ, ಕೋಡು ಇರತಕ್ಕ ಪುಟಕ್ಕೆ ಯಾರಾದರೂ ಬರೆಯಹೊರಟರೆ ಆ ಬರಹವು ವೇಗದ ಮಾರ್ಗವನ್ನು ಬಿಟ್ಟು, ಪರಿಶೀಲನೆಯುಳ್ಳ ನಿಧಾನದ ಮಾರ್ಗಕ್ಕೆ ತಿರುಗುವಂತೆ ಆ ಪುಟಕ್ಕೊಂದು ಗುರುತು.

ತನ್ನ ಆದೇಶವನ್ನು ತಾನೇ ತಿದ್ದಿಕೊಳ್ಳುವ ಪ್ರೋಗ್ರಾಮು ಕುಚೋದ್ಯವೆಂದೂ, ಸಭ್ಯರಾದ ಪ್ರೋಗ್ರಾಮರುಗಳು ಅಂಥದನ್ನು ಬರೆಯರೆಂದೂ ಒಂದು ನಂಬಿಕೆ ನಿಮ್ಮಲ್ಲಿರುವಂತೆ ಕಾಣುತ್ತದೆ. ಇತಿಹಾಸ ಅದನ್ನು ಸಮರ್ಥಿಸುವುದಿಲ್ಲ. 1949ರಲ್ಲಿ ಕೇಂಬ್ರಿಜ್ಜಿನ ಎಡ್‌ಸಾಕ್ ಯಂತ್ರ ನಡೆಯತೊಡಗಿದಾಗ, ಸಬ್‌ರೂಟೀನಿನಿಂದ ಹಿಂದಿರುಗುವ ವಿಳಾಸವನ್ನು ಆ ಸಬ್‌ರೂಟೀನಿನ ಕೊನೆಯ ಆದೇಶದಲ್ಲಿಯೇ ಬರೆದು ನಡೆಸುವ ವಿಧಾನವನ್ನು ಡೇವಿಡ್ ವೀಲರ್ ರೂಪಿಸಿದರು. ಸಂಖ್ಯೆಗಳ ಸಾಲೊಂದನ್ನು ಕೂಡಬೇಕಾದರೂ ಆದೇಶದ ವಿಳಾಸಭಾಗವನ್ನು ಸುತ್ತಿಗೊಮ್ಮೆ ಹೆಚ್ಚಿಸುವುದು ಅಂದಿನ ಸಾಮಾನ್ಯ ಕ್ರಮವಾಗಿತ್ತು. ಇಂದಾದರೂ ಬ್ರೌಸರಿನೊಳಗಿನ ಜಾವಾಸ್ಕ್ರಿಪ್ಟು ಓಡುತ್ತೋಡುತ್ತಲೇ ಯಂತ್ರಭಾಷೆಗೆ ತಿರುಗುತ್ತದೆ; ಲಿನಕ್ಸ್ ಕರ್ನೆಲ್ಲು ತನ್ನ ಕೋಡನ್ನು ತಾನೇ ನಡುವೆ ತೇಪೆ ಹಾಕಿಕೊಳ್ಳುತ್ತದೆ. ಇದೆಲ್ಲ ಬೇಡವೆಂದರೂ, ಒಂದು ಪ್ರೋಗ್ರಾಮು ಮುಗಿದು ಅದೇ ಸ್ಥಳಕ್ಕೆ ಮತ್ತೊಂದು ಬಂದು ಕುಳಿತಾಗಲೇ ಮೂಲ ಬದಲಾಯಿತಲ್ಲವೆ? ಹಳೆಯ ಅನುವಾದ ಸುಳ್ಳಾಗುವ ಪ್ರಸಂಗಗಳಲ್ಲಿ ಅತ್ಯಂತ ಸಾಮಾನ್ಯವಾದುದು ಇದೇ.

ಹಾಗಾದರೆ ನಾಲ್ಕನೆಯ ಸೆಮಿಸ್ಟರಿನ ಪ್ರಯೋಗಶಾಲೆಯಲ್ಲಿ ಈ ದೋಷ ನಿಮಗೇಕೆ ಎದುರಾಗಲಿಲ್ಲ? ಬಿ.ಎಲ್.ಡಿ.ಇ. ಸಂಸ್ಥೆಯ ಇಂಜಿನಿಯರಿಂಗ್ ಕಾಲೇಜು ಈ ಊರಿನಲ್ಲಿ ಆರಂಭವಾದ 1980ರಲ್ಲಿ 8086 ಪೇಟೆಗೆ ಬಂದು ಎರಡೇ ವರ್ಷವಾಗಿತ್ತು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2015ರ ಪಠ್ಯಕ್ರಮದಲ್ಲಿಯೂ ಮಾಸ್ಮ್ ಅಸೆಂಬ್ಲರಿನ ಮೂಲಕ 8086ರ ಪ್ರೋಗ್ರಾಮುಗಳನ್ನು ಬರೆಯುವುದು ಎ.ಆರ್.ಎಂ. ಅಭ್ಯಾಸದ ಜೊತೆಜೊತೆಗೆ ಉಳಿದಿತ್ತು. ಅಷ್ಟರೊಳಗೆ ಪ್ರಯೋಗಶಾಲೆಯ ಕಂಪ್ಯೂಟರುಗಳಿಗೆ 64 ಬಿಟ್ಟಿನ ವಿಂಡೋಸು ಬಂದು, ಅದು 16 ಬಿಟ್ಟಿನ ಪ್ರೋಗ್ರಾಮುಗಳನ್ನು ನಡೆಸಲೊಲ್ಲದೆ ಹೋದುದರಿಂದ, 2002ರಲ್ಲಿ ಹಳೆಯ ಆಟಗಳಿಗೆಂದು ಹೊರಬಂದ ಎಮ್ಯುಲೇಟರಾದ ಡಾಸ್‌ಬಾಕ್ಸು ಕರ್ನಾಟಕದ ಇಂಜಿನಿಯರಿಂಗ್ ವಿದ್ಯಾರ್ಥಿಗಳ ನಿತ್ಯದ ಉಪಕರಣವಾಯಿತು. ಡಾಸ್‌ಬಾಕ್ಸಿನಲ್ಲಿ ಅನುವಾದಿಸುವ ಕೋರೂ ಉಂಟು, ಒಂದೊಂದಾಗಿ ಓದಿ ನಡೆಸುವ ಕೋರೂ ಉಂಟು. ವ್ಯವಸ್ಥೆಯನ್ನು ಆಟೋ ಎಂದು ಬಿಟ್ಟರೆ, ರಿಯಲ್ ಮೋಡಿನ ಪ್ರೋಗ್ರಾಮುಗಳಿಗೆ ಅದು ಎರಡನೆಯದನ್ನೇ ಬಳಸುತ್ತದೆ. ನೀವು ಬರೆದ ಅಷ್ಟೂ ಪ್ರೋಗ್ರಾಮುಗಳು ರಿಯಲ್ ಮೋಡಿನವು. ಆದುದರಿಂದ ಅನುವಾದವೂ ಇರಲಿಲ್ಲ, ಹಳಸಿದ ಅನುವಾದವೂ ಇರಲಿಲ್ಲ. ಈ ನಿಶ್ಚಿಂತೆಯನ್ನೇ ನೀವು ನಿಮ್ಮ ಸ್ವಂತ ಎಮ್ಯುಲೇಟರಿಗೂ ಹೊತ್ತುತಂದಿರಿ.

ಈಗ ಪರೀಕ್ಷೆಯ ಮಾತು. ಎಎಲ್ ರಿಜಿಸ್ಟರಿಗೆ 5ನ್ನು ತುಂಬುವ ಆದೇಶ 8086ರಲ್ಲಿ ಎರಡು ಬೈಟುಗಳದು: ಹದಿನಾರರ ಎಣಿಕೆಯಲ್ಲಿ ಮೊದಲನೆಯದು ಬಿ0, ಎರಡನೆಯದು 05. ಈ ಆದೇಶವನ್ನು ಲೂಪಿನ ತಲೆಯಲ್ಲಿಟ್ಟು, ಬಂದ ಬೆಲೆಯನ್ನು ಬಿಎಲ್ ರಿಜಿಸ್ಟರಿಗೆ ಕೂಡಿಸಿ, ಆಮೇಲೆ ಆ ಎರಡನೆಯ ಬೈಟಿಗೆ 2ನ್ನು ಸೇರಿಸಿ, ಲೂಪ್ ಆದೇಶದಿಂದ ಹಿಂದಕ್ಕೆ ಜಿಗಿಯುವ ಪುಟ್ಟ ಪ್ರೋಗ್ರಾಮೊಂದನ್ನು ಬರೆಯಿರಿ. ಎರಡು ಸುತ್ತು ಸುತ್ತಿದರೆ 5, 7 ಸೇರಿ 12 ಬರಬೇಕು. ಅಸಿಂಧುಗೊಳಿಸುವ ವ್ಯವಸ್ಥೆಯೇ ಇಲ್ಲದ ಎಮ್ಯುಲೇಟರಿನಲ್ಲಿಯೂ ಹನ್ನೆರಡೇ ಬರುತ್ತದೆ! ಏಕೆಂದರೆ ಮೊದಲ ಸುತ್ತು ನಡೆಯುವುದು ಲೂಪಿಗಿಂತ ಮೇಲಿನಿಂದ, ಸಿಎಕ್ಸ್ ತುಂಬುವಲ್ಲಿಂದ ಆರಂಭವಾದ ಬ್ಲಾಕಿನೊಳಗೆ. ಲೂಪಿನ ತಲೆಯಿಂದಲೇ ಆರಂಭವಾಗುವ ಎರಡನೆಯ ಬ್ಲಾಕು ಅನುವಾದಗೊಳ್ಳುವುದು ಮೊದಲ ಸುತ್ತಿನ ಜಿಗಿತವಾದ ಮೇಲೆ, ಅಂದರೆ ಬೈಟು ಆಗಲೇ 7 ಆದ ಮೇಲೆ. ದೋಷವು ಹೊರಬೀಳುವುದು ಮೂರನೆಯ ಸುತ್ತಿಗೆ: ನಿಜವಾದ ಯಂತ್ರ 5, 7, 9 ಸೇರಿಸಿ 21 ಎನ್ನುತ್ತದೆ, ದೋಷವುಳ್ಳ ಎಮ್ಯುಲೇಟರು ಏಳನ್ನೇ ಎರಡು ಬಾರಿ ಎಣಿಸಿ 19 ಎನ್ನುತ್ತದೆ. ಎರಡು ಸುತ್ತಿನ ಪರೀಕ್ಷೆಯನ್ನು ನಡೆಸಿ ಉತ್ತರ ಸರಿಬಂದಿತೆಂದು ವರದಿಯಲ್ಲಿ ಬರೆದವರು ಸುಳ್ಳಾಡಿದರೆಂದು ನಾನು ಹೇಳುತ್ತಿಲ್ಲ; ಬ್ಲಾಕು ಎಲ್ಲಿ ಹುಟ್ಟುತ್ತದೆ ಎಂಬುದನ್ನು ಯೋಚಿಸದೆ ರಚಿಸಿದ ಪರೀಕ್ಷೆ ಎಷ್ಟು ಸರಿಯುತ್ತರವನ್ನು ಕೊಟ್ಟರೂ ಅದು ಪರೀಕ್ಷೆಯೆನಿಸದು.

ಇನ್ನು, ತಿದ್ದಬೇಕಾದ ಆದೇಶ ಹಿಂದಿಲ್ಲದೆ ಮುಂದೆಯೇ, ಬರೆಯುವ ಆದೇಶದ ಮಗ್ಗುಲಿನಲ್ಲಿಯೇ ಇದ್ದರೆ? ಆಗ ನಡೆಯುತ್ತಿರುವ ಬ್ಲಾಕು ತನ್ನ ದೇಹವನ್ನೇ ತಿದ್ದಿಕೊಂಡಂತಾಯಿತು. 8086ರಲ್ಲಿ ಮುಂದಿನ ಆದೇಶಗಳನ್ನು ಮುಂಚಿತವಾಗಿ ತಂದಿಟ್ಟುಕೊಳ್ಳುವ ಆರು ಬೈಟುಗಳ ಸರತಿಯೊಂದಿದ್ದು, 8088ರಲ್ಲಿ ಅದು ನಾಲ್ಕು ಬೈಟುಗಳದಾಗಿತ್ತು. ಆಗಲೇ ಸರತಿಗೆ ಬಂದುಬಿಟ್ಟ ಬೈಟನ್ನು ಮೆಮರಿಯಲ್ಲಿ ತಿದ್ದಿದರೂ ಯಂತ್ರವು ಹಳೆಯದನ್ನೇ ನಡೆಸುತ್ತಿತ್ತು, ಮತ್ತು ಈ ಅಂತರವನ್ನೇ ಹಿಡಿದು ತಾನು ಯಾವ ಪ್ರೊಸೆಸರಿನ ಮೇಲಿದ್ದೇನೆಂದು ಪತ್ತೆಹಚ್ಚುವ ಪ್ರೋಗ್ರಾಮುಗಳು ಅಂದು ಇದ್ದವು. ಪೆಂಟಿಯಮ್ಮಿನಿಂದೀಚೆಗೆ ಯಂತ್ರಾಂಶವೇ ಇಂಥ ಬರಹವನ್ನು ಗಮನಿಸಿ ಹೊಸ ಆದೇಶವನ್ನೇ ನಡೆಸುತ್ತದೆ. ಹೀಗಿರುವಾಗ ಸರಿಯಾದ ಉತ್ತರ ಯಾವುದೆಂಬ ಪ್ರಶ್ನೆಗೆ, ನೀವು ಅನುಕರಿಸಹೊರಟ ಯಂತ್ರ ಯಾವುದೆಂಬುದನ್ನು ಹೇಳದೆ ಉತ್ತರವೇ ಇಲ್ಲ. ವರದಿಯ ಮೊದಲ ಪುಟದಲ್ಲಿಯೇ ಅದನ್ನು ಹೇಳಿಬಿಡುವುದು ಪ್ರಾಮಾಣಿಕವಾದ ಕ್ರಮ. ನಡೆಯುತ್ತಿರುವ ಬ್ಲಾಕನ್ನು ಅಸಿಂಧುಗೊಳಿಸಿದ ಕೂಡಲೇ ಅದರ ಜಾಗವನ್ನು ಬೇರೆಯದಕ್ಕೆ ಕೊಟ್ಟುಬಿಡಬಾರದೆಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ; ಹಿಂದಿರುಗಬೇಕಾದ ಕೋಡೇ ಕಾಲಕೆಳಗಿನಿಂದ ಸರಿದುಹೋದೀತು.

ದೋಷಶೋಧನೆಯ ಕ್ರಮವನ್ನು ಕುರಿತು ಸ್ವಲ್ಪ ವಿಸ್ತಾರವಾಗಿ ಬರೆಯಲು ಅಪ್ಪಣೆ ಬೇಡುತ್ತೇನೆ, ಏಕೆಂದರೆ ನಿಮ್ಮ ವರದಿಗಳಲ್ಲಿ ಅತ್ಯಂತ ಕೃಶವಾಗಿರುವ ಭಾಗ ಅದು. ಮೊದಲ ಕರ್ತವ್ಯ, ದೋಷವು ಕರೆದಾಗ ಬರುವಂತೆ ಮಾಡುವುದು. ಗಡಿಯಾರದ ಇಂಟರಪ್ಟುಗಳು ಆತಿಥೇಯ ಯಂತ್ರದ ಕಾಲಕ್ಕೆ ಕಟ್ಟುಬಿದ್ದಿರುವವರೆಗೂ ಒಂದು ಓಟ ಇನ್ನೊಂದರಂತಿರುವುದಿಲ್ಲ. ಅವುಗಳನ್ನು ನಡೆದ ಆದೇಶಗಳ ಎಣಿಕೆಗೆ ಕಟ್ಟಿದರೆ, ಲಕ್ಷಾಂತರ ಆದೇಶಗಳಾಚೆಗಿನ ತಪ್ಪು ಪ್ರತಿಸಲವೂ ಅದೇ ಎಣಿಕೆಯಲ್ಲಿ ಬಂದು ನಿಲ್ಲುತ್ತದೆ. ಕ್ಯೂಎಮುವಿನಲ್ಲಿ ಐಕೌಂಟ್ ಎಂಬ ಆಯ್ಕೆ ಇರುವುದು ಇದಕ್ಕೇ. ಆಮೇಲೆ ಬ್ಲಾಕಿಗೊಂದೇ ಆದೇಶವಿರುವಂತೆಯೂ, ಬ್ಲಾಕುಗಳ ನಡುವಿನ ಕೊಂಡಿಗಳಿಲ್ಲದಂತೆಯೂ ನಡೆಸಿ ನೋಡಬಹುದು. ಹಾಗೆ ಮಾಡಿದಾಗ ತಪ್ಪು ಮಾಯವಾದರೆ ಅನುಮಾನ ಬಲಗೊಂಡಿತೆಂದು ಹೇಳಬಹುದೇ ಹೊರತು ಅಪರಾಧ ಸಿದ್ಧವಾಯಿತೆಂದು ಹೇಳಲಾಗದು. ಒಂದೇ ಆದೇಶದ ಬ್ಲಾಕಿನಲ್ಲಿ ಫ್ಲ್ಯಾಗುಗಳ ಲೆಕ್ಕವನ್ನು ಮುಂದೂಡುವ ಜಾಣತನಕ್ಕೆ ಎಡೆಯಿಲ್ಲ, ಅನಗತ್ಯವೆಂದು ಆದೇಶಗಳನ್ನು ತೆಗೆದುಹಾಕುವ ಸಂಸ್ಕರಣಕ್ಕೂ ಎಡೆಯಿಲ್ಲ. ದೋಷ ಅಲ್ಲಿಯೇ ಇದ್ದು, ಕ್ಯಾಶು ನಿರಪರಾಧಿಯಾಗಿರಲೂ ಸಾಕು. ಕ್ಯಾಶನ್ನು ಬರಿದುಮಾಡಿ ಪರಿಹಾರ ಕಂಡೆವೆನ್ನುವವರ ತರ್ಕ ಎಡವುವುದು ಮೊದಲು ಇಲ್ಲಿಯೇ.

ಹಳಸಿದ ಬ್ಲಾಕನ್ನು ಕೆಲಸದ ನಡುವೆಯೇ ಹಿಡಿಯುವ ಉಪಾಯ ಬೇರೆ. ಅನುವಾದಿಸುವಾಗ ಮೂಲದ ಬೈಟುಗಳ ಒಂದು ನಕಲನ್ನು ಬ್ಲಾಕಿನೊಡನೆ ಇಟ್ಟುಕೊಂಡು, ಬ್ಲಾಕು ಆರಂಭವಾಗುವಾಗಲೆಲ್ಲ ಮೆಮರಿಯಲ್ಲಿ ಆಗ ಇರುವ ಬೈಟುಗಳೊಡನೆ ಅದನ್ನು ಹೋಲಿಸಿ, ವ್ಯತ್ಯಾಸ ಕಂಡೊಡನೆ ಎಲ್ಲವನ್ನೂ ನಿಲ್ಲಿಸಿ, ವಿಳಾಸ, ಹಳೆಯ ಬೈಟು, ಹೊಸ ಬೈಟು ಈ ಮೂರನ್ನೂ ಬರೆದುಕೊಳ್ಳುವುದು. ವಾಲ್‌ಗ್ರಿಂಡ್ ಎಂಬ ಶೋಧಕದಲ್ಲಿ ಇಂಥ ಹೋಲಿಕೆಗೆಂದೇ ಒಂದು ಆಯ್ಕೆಯಿದೆ. ಹೋಲಿಕೆಯ ಕೋಡನ್ನು ಬ್ಲಾಕನ್ನು ಹುಡುಕುವ ಫಂಕ್ಷನ್ನಿನಲ್ಲಿ ಇಡಬೇಡಿರಿ. ಒಂದಕ್ಕೊಂದು ನೇರವಾಗಿ ಹೊಲಿದ ಬ್ಲಾಕುಗಳು ಆ ಫಂಕ್ಷನ್ನಿನ ಕಡೆ ಸುಳಿಯುವುದೇ ಇಲ್ಲ, ಮತ್ತು ಬಿಚ್ಚಲು ಮರೆತ ಕೊಂಡಿಯೇ ದೋಷದ ಮೂಲವಾಗಿದ್ದರೆ ಅಲ್ಲಿಯ ಕಾವಲು ಅದನ್ನು ಎಂದೆಂದಿಗೂ ಕಾಣದು. ಬ್ಲಾಕಿನ ಅನುವಾದಿತ ಕೋಡಿನ ಮೊದಲಲ್ಲಿಯೇ ಅದು ಇರಬೇಕು. ಇದರಿಂದ ವೇಗ ಕುಂದುತ್ತದೆ. ಶೋಧನೆಯ ಕಾಲದಲ್ಲಿ ಕುಂದಿದರೆ ಕುಂದಲಿ.

ವಿಳಾಸ ಸಿಕ್ಕಿದ ಮೇಲೆ ಪ್ರಶ್ನೆ ಒಂದೇ: ಅಲ್ಲಿಗೆ ಬರೆದವರು ಯಾರು, ಮತ್ತು ಅವರು ಬರೆದ ಸುದ್ದಿ ಕ್ಯಾಶಿಗೆ ಮುಟ್ಟದೆ ಹೋದುದೇಕೆ? ಪ್ರೋಗ್ರಾಮಿಗೆ ಕಾಣುವ ವಿಳಾಸವನ್ನು ಬಿಟ್ಟು, ಮೆಮರಿಯ ನಿಜವಾದ ವಿಳಾಸದ ಮೇಲೆ ಕಾವಲಿರಿಸಿ, ಬರೆದ ಪ್ರತಿ ಪ್ರಸಂಗವನ್ನು ಒಂದು ಲಾಗಿನಲ್ಲಿಯೂ, ಅಸಿಂಧುಗೊಳಿಸಿದ ಪ್ರತಿ ಪ್ರಸಂಗವನ್ನು ಇನ್ನೊಂದರಲ್ಲಿಯೂ ದಾಖಲಿಸಿ ಎರಡನ್ನೂ ಎದುರೆದುರಿಟ್ಟರೆ, ಜೊತೆಯಿಲ್ಲದ ಬರಹವೊಂದು ಉಳಿಯುತ್ತದೆ. ಅದು ಬಂದ ಮಾರ್ಗವೇ ದೋಷ. ಆ ಮಾರ್ಗ ಹಲವು ಸಲ ಪ್ರೊಸೆಸರಿನದೇ ಆಗಿರುವುದಿಲ್ಲ. ಹಳೆಯ ಪಿ.ಸಿ.ಯಲ್ಲಿ ಫ್ಲಾಪಿಯ ಸೆಕ್ಟರನ್ನು ಮೆಮರಿಗೆ ತಂದು ತುಂಬುತ್ತಿದ್ದುದು ಡಿ.ಎಂ.ಎ.; ಪ್ರೊಸೆಸರಿನ ಬರೆಯುವ ಆದೇಶಗಳಿಗಷ್ಟೇ ಕಾವಲಿಟ್ಟ ಎಮ್ಯುಲೇಟರಿಗೆ ಈ ಬರಹದ ಸುಳಿವೇ ಇರುವುದಿಲ್ಲ. ಬೂಟ್ ಮಾಡಲಾಗದ ಫ್ಲಾಪಿಯೊಂದನ್ನು ಇಟ್ಟಿರೆನ್ನಿ. ಲಿನಕ್ಸಿನಲ್ಲಿ ಫಾರ್ಮ್ಯಾಟ್ ಮಾಡಿದ ಅಂಥ ಫ್ಲಾಪಿಯ ಬೂಟ್ ಸೆಕ್ಟರು, ಬೇರೆಯದನ್ನು ಇಟ್ಟು ಕೀ ಒತ್ತಿರೆಂಬ ಸಂದೇಶವನ್ನು ತೋರಿಸಿ ಕಾಯುತ್ತದೆ. ನೀವು ಸರಿಯಾದ ಫ್ಲಾಪಿಯನ್ನಿಟ್ಟು ಕೀ ಒತ್ತುತ್ತೀರಿ. ಅದರ ಬೂಟ್ ಸೆಕ್ಟರು 7ಸಿ00 ಎಂಬ ಅದೇ ವಿಳಾಸಕ್ಕೆ ಬಂದು ಕೂಡುತ್ತದೆ. ಎಮ್ಯುಲೇಟರು ಮಾತ್ರ ಹಳೆಯ ಸೆಕ್ಟರಿನ ಅನುವಾದವನ್ನು ನಡೆಸಿ, ಬೇರೆಯದನ್ನು ಇಡಿರೆಂದು ಮತ್ತೊಮ್ಮೆ ಬೇಡುತ್ತದೆ. ಈಗ ನಿಮ್ಮ ಪರಿಹಾರವನ್ನು ನೆನೆಯಿರಿ. ಬರೆದಾಗಲೆಲ್ಲ ಕ್ಯಾಶನ್ನು ಬರಿದುಮಾಡುವ ಆ ಸಾಲನ್ನು ನೀವು ಸೇರಿಸಿದ್ದು ಪ್ರೊಸೆಸರು ಬರೆಯುವ ಮಾರ್ಗದಲ್ಲಿಯೇ ಅಲ್ಲವೆ? ಬೇರೆ ಕಾರಣಕ್ಕಾಗಿ ಪ್ರೊಸೆಸರು ನಡುವೆ ಏನನ್ನೋ ಬರೆದು ಕ್ಯಾಶು ಬರಿದಾದ ಅದೃಷ್ಟದಿಂದ ಈ ದೋಷ ಮುಚ್ಚಿಹೋಗಿರಬಹುದು. ಆ ಅದೃಷ್ಟ ತಪ್ಪಿದ ದಿನ ಅದು ಪ್ರಕಟವಾಗುತ್ತದೆ, ಬಹುಶಃ ಬಾಹ್ಯ ಪರೀಕ್ಷಕರ ಸಮ್ಮುಖದಲ್ಲಿ.

ಪುಟಗಳ ಗಡಿಯೂ ತೊಂದರೆಯ ತಾಣ. ಒಂದು ಆದೇಶದ ಮೊದಲ ಬೈಟು ಒಂದು ಪುಟದ ಕೊನೆಯಲ್ಲಿಯೂ ಉಳಿದವು ಮುಂದಿನ ಪುಟದಲ್ಲಿಯೂ ಇದ್ದಾಗ, ಆ ಬ್ಲಾಕಿನ ಹೆಸರು ಎರಡೂ ಪುಟಗಳ ಪಟ್ಟಿಯಲ್ಲಿ ಇರಬೇಕು. ಒಂದರಲ್ಲಿ ಬರೆದು ಮತ್ತೊಂದನ್ನು ಮರೆತವರ ಎಮ್ಯುಲೇಟರು ತಿಂಗಳುಗಟ್ಟಲೆ ಸರಿಯಾಗಿ ನಡೆದು, ಅಸೆಂಬ್ಲರು ಕೋಡನ್ನು ಒಂದು ಬೈಟು ಆಚೀಚೆ ಜರುಗಿಸಿದ ದಿನ ತಪ್ಪುತ್ತದೆ. ಅತಿಥಿಗೆ ಎರಡು ಪ್ರೊಸೆಸರುಗಳಿದ್ದು ಒಂದು ಅನುವಾದಿಸುತ್ತಿರುವಾಗಲೇ ಇನ್ನೊಂದು ಬರೆಯುವ ಪ್ರಸಂಗವಂತೂ ಇದಕ್ಕಿಂತ ಸೂಕ್ಷ್ಮ: ಮೊದಲು ಬೈಟುಗಳನ್ನು ಓದಿ ಅನುವಾದಿಸಿ, ಆಮೇಲೆ ಪುಟಕ್ಕೆ ಗುರುತು ಹಾಕಿದರೆ, ಆ ಎರಡರ ನಡುವಿನ ಕ್ಷಣದಲ್ಲಿ ಬಂದ ಬರಹವನ್ನು ಯಾರೂ ಕಾಣರು. ಗುರುತು ಮೊದಲು, ಓದು ಆಮೇಲೆ. ನಿಮ್ಮ 8086ಕ್ಕೆ ಒಂದೇ ಪ್ರೊಸೆಸರಾದ್ದರಿಂದ ಇದನ್ನು ಬೆಳೆಸುವುದಿಲ್ಲ.

ಎಲ್ಲ ಯಂತ್ರಗಳೂ ಇಂಟೆಲ್ಲಿನವುಗಳಂತೆ ಈ ಹೊಣೆಯನ್ನು ತಾವೇ ಹೊರುವುದಿಲ್ಲವೆಂಬುದನ್ನೂ ನೀವು ತಿಳಿದಿರಬೇಕು. ನಿಮ್ಮ ಜೇಬಿನ ಫೋನಿನಲ್ಲಿರುವಂಥ ಎ.ಆರ್.ಎಂ. ಪ್ರೊಸೆಸರುಗಳಲ್ಲಿ ದತ್ತಾಂಶದ ಕ್ಯಾಶು ಬೇರೆ, ಆದೇಶಗಳ ಕ್ಯಾಶು ಬೇರೆ. ಕೋಡನ್ನು ಬರೆದ ಪ್ರೋಗ್ರಾಮೇ ಮೊದಲನೆಯದನ್ನು ಮೆಮರಿಯ ಕಡೆಗೆ ತಳ್ಳಿ, ಎರಡನೆಯದನ್ನು ಅಸಿಂಧುಗೊಳಿಸಿ, ಅದು ಮುಗಿಯುವವರೆಗೆ ತಡೆದು ಮುಂದುವರಿಯಬೇಕು. ಪ್ರಯೋಗಶಾಲೆಯಲ್ಲಿ ನೀವು ಕಂಡ ಎಲ್.ಪಿ.ಸಿ.2148ರೊಳಗಿನ ಎ.ಆರ್.ಎಂ.7ಕ್ಕೆ ಕ್ಯಾಶೇ ಇಲ್ಲದುದರಿಂದ ಈ ಪಾಠ ಅಲ್ಲಿ ತಪ್ಪಿಹೋಗುತ್ತದೆ. ಕ್ಯೂಎಮು ಬರಹವನ್ನೇ ಗಮನಿಸುವುದರಿಂದ, ಈ ಆದೇಶಗಳನ್ನು ಮರೆತ ಪ್ರೋಗ್ರಾಮು ಕೂಡ ಅದರ ಮೇಲೆ ಸರಿಯಾಗಿ ನಡೆದು, ನಿಜವಾದ ಬೋರ್ಡಿನ ಮೇಲೆ ಮುಗ್ಗರಿಸುತ್ತದೆ. ಎಮ್ಯುಲೇಟರಿನಲ್ಲಿ ನಡೆಯಿತೆಂಬುದು ಎಲ್ಲಿಯೂ ನಡೆಯುತ್ತದೆಂಬುದಕ್ಕೆ ಪ್ರಮಾಣವಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ನಿಮ್ಮ ಪಕ್ಷದಲ್ಲಿ ಒಂದು ನ್ಯಾಯವಾದ ಮಾತಿದೆ, ಅದನ್ನು ನಾನು ಅಲ್ಲಗಳೆಯೆನು: ಪುಟಪುಟವನ್ನೇ ಅಸಿಂಧುಗೊಳಿಸುವುದು ಕೂಡ ದುಬಾರಿ. ಪುಟವೆಂದರೆ 4096 ಬೈಟು. ನಿಮ್ಮ ಪ್ರಯೋಗಶಾಲೆಯ ಪ್ರೋಗ್ರಾಮುಗಳಾದರೋ ಕೋಡು, ದತ್ತಾಂಶ ಎರಡೂ ಸೇರಿ ಕೆಲವು ನೂರು ಬೈಟುಗಳು, ಒಂದರ ಪಕ್ಕದಲ್ಲಿ ಇನ್ನೊಂದು. ಬಬಲ್ ಸಾರ್ಟ್ ಪ್ರೋಗ್ರಾಮು ಎರಡು ಸಂಖ್ಯೆಗಳನ್ನು ಅದಲುಬದಲು ಮಾಡಿದಾಗಲೆಲ್ಲ ಅದು ಬರೆಯುವುದು ತನ್ನ ಕೋಡು ಇರುವ ಪುಟಕ್ಕೇ. ಪ್ರತಿಸಲವೂ ಬ್ಲಾಕುಗಳನ್ನು ಕಳೆದು ಮತ್ತೆ ಅನುವಾದಿಸುತ್ತ ಹೋದರೆ, ಒಂದೊಂದಾಗಿ ಓದಿ ನಡೆಸುವ ಎಮ್ಯುಲೇಟರೇ ಮುಂದೆ ಹೋಗುತ್ತದೆ. ಬೆಲ್ಲಾರರ ಪ್ರಬಂಧದಲ್ಲಿ ಇದಕ್ಕೂ ಉತ್ತರವಿದೆ: ಪುಟವೊಂದು ಪದೇ ಪದೇ ಅಸಿಂಧುವಾಗುತ್ತಿದ್ದರೆ, ಅದರಲ್ಲಿ ಯಾವ ಬೈಟು ಕೋಡು, ಯಾವುದಲ್ಲ ಎಂಬುದರ ನಕ್ಷೆಯೊಂದನ್ನು ಬಿಟ್ಟುಗಳಲ್ಲಿ ರಚಿಸಿಕೊಂಡು, ಬರಹವು ಕೋಡಿನ ಬೈಟನ್ನು ನಿಜವಾಗಿಯೂ ಮುಟ್ಟಿದಾಗ ಮಾತ್ರ ಕ್ರಮ ಕೈಗೊಳ್ಳುವುದು. 2000ದಲ್ಲಿ ಕ್ರೂಸೋ ಪ್ರೊಸೆಸರನ್ನು ಹೊರತಂದ ಕ್ಯಾಲಿಫೋರ್ನಿಯದ ಟ್ರಾನ್ಸ್‌ಮೆಟಾ ಕಂಪೆನಿಯವರು ಇನ್ನೂ ಮುಂದೆ ಹೋಗಿ, ನಮ್ಮ ಪರೀಕ್ಷೆಯ ಪ್ರೋಗ್ರಾಮಿನಂತೆ ಆದೇಶದೊಳಗಿನ ಸಂಖ್ಯೆಯನ್ನಷ್ಟೇ ತಿದ್ದುವ ಕೋಡನ್ನು ಗುರುತಿಸಿ, ಆ ಸಂಖ್ಯೆಯನ್ನು ಅನುವಾದದಲ್ಲಿ ಹುದುಗಿಸದೆ ಪ್ರತಿಸಲವೂ ಮೆಮರಿಯಿಂದಲೇ ಓದುವಂತೆ ಅನುವಾದಿಸಿದರು. ಆಗ ಸಂಖ್ಯೆ ಎಷ್ಟು ಬಾರಿ ಬದಲಾದರೂ ಅನುವಾದ ಸತ್ಯವಾಗಿಯೇ ಉಳಿಯುತ್ತದೆ. 1996ರ ಕ್ವೇಕ್ ಆಟದ ಚಿತ್ರ ಬಿಡಿಸುವ ಕೋಡು ಕೂಡ ಇಂಥ ತಿದ್ದುಪಡಿಯನ್ನು ಮಾಡಿಕೊಳ್ಳುತ್ತಿತ್ತು. ಆಟವಾಡಿ ಕಾಲ ಕಳೆದಿರೆಂದು ಮನೆಯಲ್ಲಿ ಬೈಸಿಕೊಂಡವರು ಈ ಒಂದು ಸಮರ್ಥನೆಯನ್ನು ಇಟ್ಟುಕೊಳ್ಳಬಹುದು.

ಆದುದರಿಂದ ನನ್ನ ಪ್ರಾರ್ಥನೆ ಇಷ್ಟು. ಮುಂದಿನ ವರದಿಯಲ್ಲಿ ಸಮಸ್ಯೆ ಪರಿಹಾರವಾಯಿತೆಂದು ಬರೆಯುವುದಾದರೆ, ಹಳಸಿದ ಬ್ಲಾಕಿನ ವಿಳಾಸ, ಅದನ್ನು ಹಳಸುವಂತೆ ಮಾಡಿದ ಬರಹ, ಆ ಬರಹ ಬಂದ ಮಾರ್ಗ ಇವುಗಳನ್ನು ಲಾಗಿನ ಸಾಲುಗಳ ಸಮೇತ ಮುದ್ರಿಸಿರಿ. ಪುಟ ಹೆಚ್ಚಾಯಿತೆಂದು ಬೈಂಡಿಂಗಿನವರು ಒಂದಿಷ್ಟು ಹೆಚ್ಚು ಹಣ ಕೇಳಿದರೆ ಕೊಡಿರಿ. ಮಾನ್ಯ ಉಪಾಧ್ಯಾಯರಲ್ಲಿ ಬೇಡುವುದೇನೆಂದರೆ, ಎಮ್ಯುಲೇಟರಿನ ಪ್ರಾಜೆಕ್ಟನ್ನು ಒಪ್ಪಿಕೊಳ್ಳುವ ಮುನ್ನ ತಾವು ಆ ಮೂರು ಸುತ್ತಿನ ಪ್ರೋಗ್ರಾಮನ್ನು ವಿದ್ಯಾರ್ಥಿಯ ಎದುರಿಗೇ ನಡೆಸಿ ನೋಡಬೇಕು. 19 ಬಂದರೆ ಅಂಕ ಕಳೆಯದೆ, ಕಾರಣವನ್ನು ಹುಡುಕಿ ತರಲು ಒಂದು ವಾರದ ಗಡುವು ಕೊಡಬೇಕು. ಕ್ಯಾಶನ್ನು ಬರಿದುಮಾಡಿ 21 ತಂದವರಿಗೂ ಅದೇ ಗಡುವು ಸಲ್ಲತಕ್ಕದ್ದು.

ಇತಿ ತಮ್ಮ ವಿಶ್ವಾಸಿ,
ಸ್ಟೇಷನ್ ರಸ್ತೆಯ ಒಬ್ಬ ಹಿರಿಯ ಓದುಗ